ಕನ್ನಡದ ಫಾಂಟೂ ನಿಮ್ಮ ಗುರುತು ಹೇಳುತ್ತದೆ

ನಿಮ್ಮ ಕಂಪ್ಯೂಟರಿನಲ್ಲಿ ನುಡಿ ಇದೆಯಾ? ಅಥವಾ ಬರಹ? ಡಿಟಿಪಿ ಮಾಡುವವರು, ಕಚೇರಿಯಲ್ಲಿ ಕನ್ನಡ ಟೈಪ್ ಮಾಡುವವರು, ಪತ್ರಿಕೆಗೆ ಬರೆಯುವವರು ಸಾಮಾನ್ಯವಾಗಿ ಇವುಗಳಲ್ಲಿ ಒಂದನ್ನು ಹಾಕಿಕೊಂಡಿರುತ್ತಾರೆ. ತಂತ್ರಾಂಶದ ಜೊತೆ ಒಂದಷ್ಟು ಫಾಂಟುಗಳೂ ಬಂದು ಕೂರುತ್ತವೆ. ನಮಗೆ ಅವು ಬರೀ ಅಕ್ಷರ. ಆದರೆ ಹೆಸರು ಕೇಳದೆ, ಲಾಗಿನ್ ಕೇಳದೆ ನಿಮ್ಮನ್ನು ಗುರುತು ಹಿಡಿಯಬೇಕು ಎಂದುಕೊಂಡ ಸೈಟಿಗೆ ಅವು ಒಳ್ಳೆಯ ಸುಳಿವು.

ಅದು ನಡೆಯುವುದು ಹೀಗೆ. ಪುಟದ ಜೊತೆಗೇ ಬರುವ ಒಂದು ಸಣ್ಣ ಸ್ಕ್ರಿಪ್ಟು ಕಣ್ಣಿಗೆ ಕಾಣದ ಜಾಗದಲ್ಲಿ ನಾಲ್ಕಾರು ಅಕ್ಷರ ಬರೆಯುತ್ತದೆ. 'ಇದನ್ನು ಇಂಥ ಫಾಂಟಿನಲ್ಲಿ ತೋರಿಸು' ಎಂದು ಬ್ರೌಸರಿಗೆ ಹೇಳುತ್ತದೆ. ಆ ಫಾಂಟು ಇಲ್ಲದಿದ್ದರೆ ಬ್ರೌಸರು ಮಾಮೂಲಿ ಫಾಂಟಿನಲ್ಲಿ ತೋರಿಸುತ್ತದೆ. ಇದ್ದರೆ ಸಾಲಿನ ಅಗಲ ಬೇರೆಯಾಗುತ್ತದೆ. ಸ್ಕ್ರಿಪ್ಟು ಆ ಅಗಲವನ್ನು ಅಳೆಯುತ್ತದೆ, ಅಷ್ಟೆ. ಫಾಂಟುಗಳ ದೊಡ್ಡ ಪಟ್ಟಿ ಹಿಡಿದು ಒಂದೊಂದನ್ನೂ ಹೀಗೆ ಅಳೆದರೆ ನಿಮ್ಮ ಯಂತ್ರದಲ್ಲಿ ಏನೇನಿದೆ ಎಂದು ಗೊತ್ತಾಗುತ್ತದೆ. ಅದರ ಜೊತೆಗೆ ಪರದೆಯ ಅಳತೆ, ಗ್ರಾಫಿಕ್ಸ್ ಕಾರ್ಡು, ನೀವು ಆರಿಸಿಕೊಂಡ ಭಾಷೆ, ಗಡಿಯಾರದ ವಲಯ ಇವನ್ನೆಲ್ಲ ಸೇರಿಸಿ. ಕ್ರೋಮ್ ಇವತ್ತಿಗೂ ನಮ್ಮ ಗಡಿಯಾರದ ವಲಯವನ್ನು 'ಏಷ್ಯಾ/ಕಲ್ಕತ್ತಾ' ಎಂದೇ ಹೇಳುತ್ತದೆ. ಬ್ರೌಸರಿನ ಭಾಷೆ ಕನ್ನಡ ಎಂದು ಇಟ್ಟುಕೊಂಡಿದ್ದರೆ ನೀವು ಹೋದ ಪ್ರತಿಯೊಂದು ಸೈಟಿಗೂ ಆ ಸಂಗತಿ ತಾನಾಗಿ ಹೋಗುತ್ತದೆ. ಬೇರೆ ಬೇರೆಯಾಗಿ ನೋಡಿದರೆ ಇವು ಯಾವುವೂ ಗುಟ್ಟಲ್ಲ. ಒಟ್ಟಿಗೆ ಸೇರಿದಾಗ ಮಾತ್ರ ಅದು ಬೆರಳಚ್ಚಿನಂತೆ ಕೆಲಸ ಮಾಡುತ್ತದೆ. ಕುಕೀ, ಅಂದರೆ ಸೈಟುಗಳು ನಿಮ್ಮ ಬ್ರೌಸರಿನಲ್ಲಿ ಇಟ್ಟುಹೋಗುವ ಗುರುತಿನ ಚೂರು, ಅದನ್ನು ಅಳಿಸಿದರೆ ಇದು ಅಳಿಯುವುದಿಲ್ಲ.

ನೆಟ್ ಬಳಕೆದಾರರ ಹಕ್ಕುಗಳಿಗಾಗಿ ಕೆಲಸ ಮಾಡುವ ಅಮೆರಿಕದ ಎಲೆಕ್ಟ್ರಾನಿಕ್ ಫ್ರಂಟಿಯರ್ ಫೌಂಡೇಶನ್ 2010ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿತು. ತನ್ನ ಪರೀಕ್ಷಾ ಪುಟಕ್ಕೆ ಬಂದ ಸುಮಾರು 4.7 ಲಕ್ಷ ಬ್ರೌಸರುಗಳಲ್ಲಿ ಶೇ 83.6ರಷ್ಟಕ್ಕೆ ಜೋಡಿಯೇ ಇರಲಿಲ್ಲ. ಆದರೆ ಅಲ್ಲಿಗೆ ಬಂದವರು ಹೆಚ್ಚಾಗಿ ಇಂಥ ವಿಷಯದಲ್ಲಿ ಆಸಕ್ತಿ ಇದ್ದವರು, ಅವರ ಯಂತ್ರಗಳೂ ವಿಶೇಷವೇ. 2018ರಲ್ಲಿ ಫ್ರಾನ್ಸಿನ ಜನಪ್ರಿಯ ಸೈಟೊಂದರ 20 ಲಕ್ಷಕ್ಕೂ ಹೆಚ್ಚು ಬೆರಳಚ್ಚುಗಳನ್ನು ಸಂಶೋಧಕರು ನೋಡಿದಾಗ ಈ ಪ್ರಮಾಣ ಶೇ 33.6ಕ್ಕೆ ಇಳಿಯಿತು. ಮೊಬೈಲುಗಳಲ್ಲಿ ಇನ್ನೂ ಕಡಿಮೆ, ಶೇ 18.5. ಈ ಎರಡು ಲೆಕ್ಕಗಳ ನಡುವಿನ ಅಂತರವನ್ನು ಗಮನಿಸಿ, ಇಡೀ ವಿಷಯ ಅಲ್ಲಿದೆ. ಒಂದೇ ಮಾದರಿಯ ಫೋನು ಲಕ್ಷಾಂತರ ಜನರ ಕೈಯಲ್ಲಿದ್ದರೆ ಯಾರು ಯಾರೆಂದು ಹೇಳುವುದು ಕಷ್ಟ. ಏನೇನೋ ಹಾಕಿಕೊಂಡು ತಮ್ಮದೇ ರೀತಿ ಜೋಡಿಸಿಕೊಂಡವರು ಬೇಗ ಸಿಕ್ಕಿಬೀಳುತ್ತಾರೆ.

ಅಂದರೆ ವೆಬ್ಬಿನಲ್ಲಿ ಅನಾಮಿಕರಾಗಿ ಉಳಿಯಲು ಬೇಕಾದದ್ದು ಗುಂಪು. ಜಾತ್ರೆಯಲ್ಲಿ ಎಲ್ಲರೂ ಬಿಳಿ ಪಂಚೆ ಉಟ್ಟಿರುವಾಗ ಮುಖ ಮುಚ್ಚಿಕೊಂಡು ಓಡಾಡುವವನೇ ಮೊದಲು ಕಣ್ಣಿಗೆ ಬೀಳುತ್ತಾನೆ. ಕನ್ನಡದಲ್ಲಿ ಬ್ರೌಸ್ ಮಾಡುವವರಿಗೆ ಇದು ಸ್ವಲ್ಪ ಜಾಸ್ತಿಯೇ ಅನ್ವಯಿಸುತ್ತದೆ. ಕಂಪ್ಯೂಟರನ್ನು ಕನ್ನಡದಲ್ಲಿ ಇಟ್ಟುಕೊಂಡವರ ಗುಂಪು ಚಿಕ್ಕದು. ಅದಕ್ಕಾಗಿ ಕನ್ನಡ ಬಿಡಬೇಕು ಎಂದು ನಾನು ಹೇಳುತ್ತಿಲ್ಲ, ಖಂಡಿತ ಬಿಡಬಾರದು. ಎಷ್ಟು ಹೆಚ್ಚು ಜನ ಕನ್ನಡದಲ್ಲಿ ಬಳಸುತ್ತಾರೋ ಅಷ್ಟು ದೊಡ್ಡ ಗುಂಪು ನಮಗೆ ಸಿಗುತ್ತದೆ.

ಹುಡುಕಾಟವೂ ಹೀಗೆಯೇ ನಮ್ಮನ್ನು ಬಿಟ್ಟುಕೊಡುತ್ತದೆ. 2006ರ ಆಗಸ್ಟಿನಲ್ಲಿ ಅಮೆರಿಕದ ಎಓಎಲ್ ಕಂಪನಿ ಸಂಶೋಧಕರಿಗೆ ಅನುಕೂಲವಾಗಲಿ ಎಂದು ಸುಮಾರು ಆರೂವರೆ ಲಕ್ಷ ಬಳಕೆದಾರರ ಮೂರು ತಿಂಗಳ ಹುಡುಕಾಟವನ್ನು ಹೊರಗೆ ಹಾಕಿತು. ಹೆಸರು ತೆಗೆದು ಬರೀ ನಂಬರು ಕೊಟ್ಟಿದ್ದರು. ಕೆಲವೇ ದಿನಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಕರ್ತರು ಒಂದು ನಂಬರಿನ ಹಿಂದಿದ್ದ ಹಿರಿಯ ಮಹಿಳೆಯ ಮನೆಗೇ ಹೋದರು. ಆಕೆ ತಮ್ಮ ಊರಿನ ಹೆಸರು ಹಾಕಿ ಕೆಲಸದವರನ್ನು ಹುಡುಕಿದ್ದರು, ತಮ್ಮದೇ ಮನೆತನದ ಹೆಸರಿನವರನ್ನು ಹುಡುಕಿದ್ದರು. ಅಷ್ಟು ಸಾಕಾಯಿತು. ನಿಮ್ಮ ಒಂದು ವಾರದ ಹುಡುಕಾಟ ನೆನಪಿಸಿಕೊಳ್ಳಿ. ಊರಿಗೆ ಹೋಗುವ ಕಡೇ ಬಸ್ಸಿನ ಸಮಯ, ಮಗಳ ಕಾಲೇಜು, ಮನೆದೇವರ ಜಾತ್ರೆ ಯಾವತ್ತು, ಹೋಬಳಿಯ ಹೆಸರು ಹಾಕಿ ಪಹಣಿ. ಇವು ನಾಲ್ಕೂ ಒಟ್ಟಿಗೆ ಹೊಂದುವ ಮನೆಗಳು ಎಷ್ಟಿರಬಹುದು?

ಯಾರಿಂದ ಮರೆಯಾಗಬೇಕು?

ಇದನ್ನು ಕೇಳಿಕೊಳ್ಳದೆ ಯಾವ ಆ್ಯಪ್ ಹಾಕಿಕೊಂಡರೂ ಪ್ರಯೋಜನವಿಲ್ಲ. ಯಾಕೆಂದರೆ ನೋಡುವವರು ಒಬ್ಬರಲ್ಲ. ಒಬ್ಬರಿಂದ ಕಾಪಾಡುವ ಉಪಾಯ ಇನ್ನೊಬ್ಬರ ಮುಂದೆ ಏನೂ ಮಾಡುವುದಿಲ್ಲ.

ನಮ್ಮಲ್ಲಿ ಬಹಳ ಜನರಿಗೆ ಮೊದಲ ಕಣ್ಣು ಮನೆಯದೇ. ಒಂದೇ ಫೋನು ಗಂಡ, ಮಕ್ಕಳು, ಅತ್ತೆ ಎಲ್ಲರ ಕೈಯಲ್ಲೂ ಓಡಾಡುತ್ತದೆ. ಭಾರತ, ಪಾಕಿಸ್ತಾನ, ಬಾಂಗ್ಲಾದೇಶದ 199 ಮಹಿಳೆಯರನ್ನು ಮಾತನಾಡಿಸಿದ 2018ರ ಅಧ್ಯಯನವೊಂದು ಇದನ್ನೇ ಹೇಳಿತ್ತು. ಫೋನು ಕೊಡಲ್ಲ ಎನ್ನಲು ಅವರಿಗೆ ಆಗುವುದಿಲ್ಲ. ಹಾಗಾಗಿ ಆ್ಯಪಿಗೆ ಬೀಗ ಹಾಕುತ್ತಾರೆ, ನೋಡಿದ್ದನ್ನು ಒಂದೊಂದಾಗಿ ಅಳಿಸುತ್ತಾರೆ. ಮುಟ್ಟಿನ ತೊಂದರೆಯ ಬಗ್ಗೆ, ಗರ್ಭ ತಡೆಯುವ ಮಾತ್ರೆಯ ಬಗ್ಗೆ, ಹೊಡೆಯುವ ಗಂಡನಿಂದ ಪಾರಾಗುವ ಬಗ್ಗೆ ಓದಬೇಕಾದವಳಿಗೆ ಇನ್‌ಕಾಗ್ನಿಟೊ, ಅಂದರೆ ನೋಡಿದ್ದನ್ನು ಉಳಿಸಿಕೊಳ್ಳದ ಬ್ರೌಸರ್ ಕಿಟಕಿ, ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ. ಕಿಟಕಿ ಮುಚ್ಚಿದ ಕೂಡಲೇ ಹಿಸ್ಟರಿ, ಕುಕೀ ಹೋಗುತ್ತವೆ. ಡೌನ್‌ಲೋಡ್ ಮಾಡಿದ ಫೈಲು ಮಾತ್ರ ಉಳಿಯುತ್ತದೆ, ಅದನ್ನು ಕೈಯಾರೆ ಅಳಿಸಬೇಕು. ಇನ್‌ಕಾಗ್ನಿಟೊವನ್ನು ಸುಮ್ನೆ ಬೈಯುವವರು ಈ ಹೆಣ್ಣುಮಕ್ಕಳನ್ನು ಮರೆತಿರುತ್ತಾರೆ.

ಆದರೆ ಅದರ ಶಕ್ತಿ ಮನೆಯ ಹೊಸ್ತಿಲಿಗೇ ಮುಗಿಯುತ್ತದೆ. ಇನ್‌ಕಾಗ್ನಿಟೊದಲ್ಲಿ ಇದ್ದಾಗಲೂ ಗೂಗಲ್ ನಮ್ಮ ಬೆನ್ನು ಬಿಡಲಿಲ್ಲ ಎಂದು 2020ರಲ್ಲಿ ಅಮೆರಿಕದಲ್ಲಿ ಮೊಕದ್ದಮೆ ಹೂಡಿದರು. 2024ರಲ್ಲಿ ರಾಜಿಯಾಯಿತು. ಕೋಟಿಗಟ್ಟಲೆ ದಾಖಲೆ ಅಳಿಸಲು, ಇನ್‌ಕಾಗ್ನಿಟೊ ತೆರೆದಾಗ ಕಾಣುವ ಸೂಚನೆಯನ್ನು ಸ್ಪಷ್ಟ ಮಾಡಲು ಗೂಗಲ್ ಒಪ್ಪಿತು. ಈಗ ಆ ಸೂಚನೆಯನ್ನು ಒಮ್ಮೆ ಪೂರ್ತಿ ಓದಿ ನೋಡಿ.

ಎರಡನೆಯ ಕಣ್ಣು ನೆಟ್ ಕೊಡುವ ಕಂಪನಿಯದು. ಸೈಟಿನ ವಿಳಾಸ https ಎಂದು ಶುರುವಾಗಿದ್ದರೆ, ಅಂದರೆ ಸಂಪರ್ಕಕ್ಕೆ ಬೀಗ ಇದ್ದರೆ, ನೀವು ಯಾವ ಪುಟ ಓದಿದಿರಿ, ಏನು ಟೈಪ್ ಮಾಡಿದಿರಿ ಎಂಬುದು ಅವರಿಗೆ ಕಾಣುವುದಿಲ್ಲ. ಆದರೆ ಯಾವ ಸೈಟಿಗೆ ಹೋದಿರಿ ಎಂಬುದು ಹೆಚ್ಚಿನ ಸಲ ಕಾಣುತ್ತದೆ. ಸಂಪರ್ಕ ಶುರುವಾಗುವಾಗ ಸೈಟಿನ ಹೆಸರು ಸಾಮಾನ್ಯವಾಗಿ ಬಿಚ್ಚಾಗಿಯೇ ಹೋಗುತ್ತದೆ. ಜಿಯೋ ಈ ಹೆಸರನ್ನೇ ನೋಡಿ ಸೈಟುಗಳನ್ನು ತಡೆಯುತ್ತಿದೆ ಎಂದು ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿಯ ಸಂಶೋಧಕರು 2019ರಲ್ಲಿ ತೋರಿಸಿದ್ದರು. ಕುಡಿತ ಬಿಡಿಸುವ ಕೇಂದ್ರದ ಸೈಟೋ, ಏಡ್ಸ್ ಪರೀಕ್ಷೆಯ ಸೈಟೋ ಆದರೆ ಒಳಗಿನ ಪುಟ ಗೊತ್ತಾಗಬೇಕಿಲ್ಲ, ಹೆಸರೇ ಎಲ್ಲ ಹೇಳುತ್ತದೆ. ಇಂಥ ಸಂಪರ್ಕದ ದಾಖಲೆಗಳನ್ನು ಕನಿಷ್ಠ ಎರಡು ವರ್ಷ ಇಟ್ಟುಕೊಳ್ಳಬೇಕು ಎಂದು ಟೆಲಿಕಾಂ ಇಲಾಖೆ 2021ರ ಡಿಸೆಂಬರಿನಲ್ಲಿ ಲೈಸೆನ್ಸ್ ಷರತ್ತು ಬದಲಿಸಿತು. ಅದಕ್ಕೆ ಮೊದಲು ಒಂದು ವರ್ಷ ಇತ್ತು.

ಮೂರನೆಯದು ಜಾಹೀರಾತಿನವರ ಕಣ್ಣು. ಒಂದು ಸೈಟಿನಲ್ಲಿ ಸೀರೆ ನೋಡಿದರೆ ಇನ್ನೊಂದರಲ್ಲಿ ಅದೇ ಸೀರೆ ಬೆನ್ನು ಹತ್ತುತ್ತದಲ್ಲ, ಅದು ಇವರ ಕೆಲಸ. ಸಫಾರಿ, ಫೈರ್‌ಫಾಕ್ಸ್ ಈ ಹೊರಗಿನವರ ಕುಕೀಗಳಿಗೆ ಕಡಿವಾಣ ಹಾಕಿ ವರ್ಷಗಳಾದವು. ಕ್ರೋಮ್ ಕೂಡ ತೆಗೆದುಹಾಕುತ್ತದೆ ಎಂದು ಗೂಗಲ್ 2020ರಲ್ಲಿ ಹೇಳಿತು, ಮುಂದೂಡುತ್ತ ಬಂತು, 2024ರಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು. ಜಾಹೀರಾತಿನಿಂದ ಬದುಕುವ ಕಂಪನಿಯ ಬ್ರೌಸರಿನಿಂದ ಇದಕ್ಕಿಂತ ಹೆಚ್ಚು ನಿರೀಕ್ಷಿಸಬಾರದು ಎಂಬುದು ನನ್ನ ಅಭಿಪ್ರಾಯ. ಕಾಪಾಡಲು ಬಂದವರೂ ಮಾರಿದ್ದುಂಟು. ಅವಾಸ್ಟ್ ಎಂಬ ಹೆಸರಾಂತ ಆ್ಯಂಟಿವೈರಸ್ ಕಂಪನಿ ತನ್ನ ಬಳಕೆದಾರರ ಬ್ರೌಸಿಂಗ್ ವಿವರಗಳನ್ನು ಜಂಪ್‌ಶಾಟ್ ಎಂಬ ಅಂಗಸಂಸ್ಥೆಯ ಮೂಲಕ ಮಾರುತ್ತಿದ್ದುದು 2020ರಲ್ಲಿ ಬಯಲಾಯಿತು. 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಅದಕ್ಕೆ 1.65 ಕೋಟಿ ಡಾಲರ್ ಕಟ್ಟಿಸಿತು.

ವಿಪಿಎನ್ ಎಂಬ ಭರವಸೆ

ಇದನ್ನೆಲ್ಲ ಓದಿದ ಕೂಡಲೇ ಹೆಚ್ಚಿನವರ ತಲೆಗೆ ಬರುವುದು ವಿಪಿಎನ್, ಅಂದರೆ ನಿಮ್ಮ ನೆಟ್ ಸಂಪರ್ಕವನ್ನು ಬೇರೊಂದು ಕಂಪನಿಯ ಸರ್ವರಿನ ಮೂಲಕ ಕಳಿಸುವ ಸೇವೆ. ಯೂಟ್ಯೂಬಿನಲ್ಲಿ ಅದರ ಜಾಹೀರಾತಿಗೆ ಕೊನೆಯಿಲ್ಲ. ವಿಪಿಎನ್ ಮುಖ್ಯವಾಗಿ ಮಾಡುವುದು ಇಷ್ಟು. ನಿಮ್ಮ ಮೊಬೈಲ್ ಕಂಪನಿಗೆ ಕಾಣುತ್ತಿದ್ದದ್ದು ಇನ್ನು ಮುಂದೆ ವಿಪಿಎನ್ ಕಂಪನಿಗೆ ಕಾಣುತ್ತದೆ. ನಂಬಿಕೆಯನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೊಟ್ಟಿರಿ. ಆ ಇನ್ನೊಬ್ಬರು ಯಾರು ಎಂದು ನಮ್ಮಲ್ಲಿ ಬಹಳ ಜನ ವಿಚಾರಿಸುವುದೇ ಇಲ್ಲ.

ಬಿಟ್ಟಿ ವಿಪಿಎನ್‌ಗಳ ಚರಿತ್ರೆ ಚೆನ್ನಾಗಿಲ್ಲ. ಒನಾವೊ ಎಂಬುದನ್ನು ಫೇಸ್‌ಬುಕ್ 2013ರಲ್ಲಿ ಕೊಂಡಿತು. ಜನ ತಮ್ಮ ರಕ್ಷಣೆಗೆಂದು ಅದನ್ನು ಹಾಕಿಕೊಂಡರು. ಅವರು ಯಾವ ಆ್ಯಪನ್ನು ಎಷ್ಟು ಬಳಸುತ್ತಾರೆ ಎಂದು ಫೇಸ್‌ಬುಕ್ ಅದರಿಂದಲೇ ತಿಳಿದುಕೊಂಡಿತು. ಹೋಲಾ ಎಂಬ ಬಿಟ್ಟಿ ಸೇವೆ ತನ್ನ ಬಳಕೆದಾರರ ನೆಟ್ ಸಂಪರ್ಕವನ್ನೇ ಬೇರೆಯವರಿಗೆ ಮಾರುತ್ತಿತ್ತು ಎಂಬುದು 2015ರಲ್ಲಿ ಹೊರಬಂತು. ಅಂದರೆ ಯಾರೋ ಮಾಡಿದ ಕೆಲಸ ನಿಮ್ಮ ಮನೆಯ ಸಂಪರ್ಕದ ಹೆಸರಲ್ಲಿ ದಾಖಲಾಗುವ ಸಾಧ್ಯತೆ ಇತ್ತು.

ದುಡ್ಡು ಕೊಟ್ಟರೂ ಮಾತು ಉಳಿಸಿಕೊಳ್ಳುತ್ತಾರೆ ಎಂದಿಲ್ಲ. 'ನಾವು ಯಾವ ದಾಖಲೆಯನ್ನೂ ಇಡುವುದಿಲ್ಲ' ಎನ್ನುತ್ತಿದ್ದ ಪ್ಯೂರ್‌ವಿಪಿಎನ್ 2017ರಲ್ಲಿ ಎಫ್‌ಬಿಐಗೆ ಕೊಟ್ಟ ದಾಖಲೆಗಳಿಂದಲೇ ಒಬ್ಬ ಆರೋಪಿ ಸಿಕ್ಕಿಬಿದ್ದ. ಅವನು ಹೆಣ್ಣುಮಗಳೊಬ್ಬಳಿಗೆ ವಿಪರೀತ ಕಿರುಕುಳ ಕೊಟ್ಟವನು, ಸಿಕ್ಕಿದ್ದು ಒಳ್ಳೆಯದೇ ಆಯಿತು. ಆದರೆ ಕಂಪನಿ ಕೊಟ್ಟ ಮಾತು ಸುಳ್ಳಾಗಿತ್ತು ಎಂಬುದೂ ಅಷ್ಟೇ ನಿಜ. ಇದಕ್ಕೆ ಎದುರಾದ ಉದಾಹರಣೆ ಸ್ವೀಡನ್ನಿನದು. 2023ರ ಏಪ್ರಿಲಿನಲ್ಲಿ ಪೊಲೀಸರು ವಾರಂಟ್ ಹಿಡಿದು ಮುಲ್ವಾಡ್ ಎಂಬ ವಿಪಿಎನ್ ಕಂಪನಿಯ ಕಚೇರಿಗೆ ಬಂದರು. ಗ್ರಾಹಕರ ದಾಖಲೆಯನ್ನೇ ಇಟ್ಟಿರಲಿಲ್ಲವಾದ್ದರಿಂದ ಬರಿಗೈಯಲ್ಲಿ ಹೋದರು. ಆ ಕಂಪನಿ ಹೆಸರು, ಇಮೇಲ್ ಏನನ್ನೂ ಕೇಳುವುದಿಲ್ಲ, ಬರೀ ಒಂದು ನಂಬರು ಕೊಡುತ್ತದೆ. ಇಲ್ಲದ ದಾಖಲೆಯನ್ನು ಯಾರೂ ಕಸಿಯಲಾರರು.

ಭಾರತದಲ್ಲಿ ಹಾಗೆ ಖಾಲಿ ಇರಲು ಕಾನೂನು ಬಿಡುವುದಿಲ್ಲ. ಸೈಬರ್ ಭದ್ರತೆ ನೋಡಿಕೊಳ್ಳುವ ಕೇಂದ್ರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಒಂದು ನಿರ್ದೇಶನ ಹೊರಡಿಸಿತು. ವಿಪಿಎನ್ ಸೇವೆ ಕೊಡುವವರು ಗ್ರಾಹಕರ ಹೆಸರು, ವಿಳಾಸ, ಫೋನ್ ನಂಬರು, ಕೊಟ್ಟ ಐಪಿ ವಿಳಾಸ (ನೆಟ್ಟಿನಲ್ಲಿ ಸಂಪರ್ಕವನ್ನು ಗುರುತಿಸುವ ಸಂಖ್ಯೆ), ಯಾವ ಕಾರಣಕ್ಕೆ ವಿಪಿಎನ್ ತೆಗೆದುಕೊಂಡರು ಎಂಬುದನ್ನೂ ಬರೆದಿಟ್ಟುಕೊಳ್ಳಬೇಕು. ಗ್ರಾಹಕರು ಬಿಟ್ಟುಹೋದ ಮೇಲೂ ಐದು ವರ್ಷ ಇಡಬೇಕು. ಕಂಪನಿಗಳು ತಮ್ಮ ಸಿಬ್ಬಂದಿಗೆ ಕೊಡುವ ವಿಪಿಎನ್‌ಗೆ ಮಾತ್ರ ವಿನಾಯಿತಿ. ನಿರ್ದೇಶನ ಬಂದ ಮೇಲೆ ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್ ಭಾರತದಲ್ಲಿದ್ದ ಸರ್ವರುಗಳನ್ನು ಕಿತ್ತುಕೊಂಡು ಹೋದವು. ಆಮೇಲೆ ಎಕ್ಸ್‌ಪ್ರೆಸ್‌ವಿಪಿಎನ್ ಆ್ಯಪಿನಲ್ಲಿ 'ಭಾರತ' ಎಂದು ಆರಿಸಿದರೆ ಸಿಗುತ್ತಿದ್ದದ್ದು ಸಿಂಗಪುರದಲ್ಲೋ ಬ್ರಿಟನ್ನಿನಲ್ಲೋ ಇರುವ ಸರ್ವರು. ಈ ದೇಶದಲ್ಲೇ ಸರ್ವರ್ ಇಟ್ಟುಕೊಂಡು 'ದಾಖಲೆ ಇಡಲ್ಲ' ಎನ್ನುವ ಕಂಪನಿ ಸಿಕ್ಕರೆ, ಒಂದೋ ಅದು ನಿಯಮ ಮುರಿಯುತ್ತಿದೆ, ಇಲ್ಲ ನಿಮಗೆ ಸುಳ್ಳು ಹೇಳುತ್ತಿದೆ.

ಒಂದು ಎಚ್ಚರಿಕೆ. ವಿಪಿಎನ್ ಬಳಕೆ ದೇಶದಲ್ಲಿ ಅಪರಾಧವಲ್ಲ. ಆದರೆ 2025ರ ಮೇ ತಿಂಗಳಲ್ಲಿ ಜಮ್ಮು-ಕಾಶ್ಮೀರದ ದೋಡಾ, ರಜೌರಿಯಂಥ ಜಿಲ್ಲೆಗಳಲ್ಲಿ ಜಿಲ್ಲಾಡಳಿತಗಳು ಅದನ್ನು ನಿಷೇಧಿಸಿದ್ದವು. ಅಂಥ ಕಡೆ ಹೋಗುವವರು ಮೊದಲೇ ವಿಚಾರಿಸಿಕೊಳ್ಳಬೇಕು.

ಟಾರ್: ಗುಂಪನ್ನೇ ಕಟ್ಟುವ ಉಪಾಯ

ಟಾರ್ ಎಂಬುದು ಗುರುತು ಮರೆಸಿಕೊಂಡು ವೆಬ್ ನೋಡಲು ಇರುವ ಜಾಲ, ಅದಕ್ಕೆಂದೇ ಒಂದು ಬ್ರೌಸರೂ ಇದೆ. ಅದು ಹುಟ್ಟಿದ ಕಥೆಯನ್ನು ತಿಳಿದರೆ ಗುಂಪಿನ ಮಾತು ಇನ್ನೂ ಸ್ಪಷ್ಟವಾಗುತ್ತದೆ. 1990ರ ದಶಕದ ಮಧ್ಯದಲ್ಲಿ ಅಮೆರಿಕದ ನೌಕಾಪಡೆಯ ಸಂಶೋಧನಾಲಯದಲ್ಲಿ ಇದರ ಕಲ್ಪನೆ ಮೂಡಿತು. ಬೇಹುಗಾರ ಹೊರದೇಶದಿಂದ ತನ್ನ ಕಚೇರಿಯನ್ನು ಸಂಪರ್ಕಿಸಬೇಕು, ನಡುವೆ ನೋಡುವವರಿಗೆ ಗೊತ್ತಾಗಬಾರದು. ತೊಡಕು ಎಲ್ಲಿತ್ತು ಗೊತ್ತಾ? ಈ ಜಾಲವನ್ನು ನೌಕಾಪಡೆ ಮಾತ್ರ ಬಳಸಿದರೆ ಅದರೊಳಗೆ ಕಂಡವರೆಲ್ಲ ನೌಕಾಪಡೆಯವರೇ! ಹಾಗಾಗಿ ಎಲ್ಲರಿಗೂ ಬಿಟ್ಟುಕೊಡಲೇಬೇಕಾಯಿತು. ರೋಜರ್ ಡಿಂಗಲ್‌ಡೈನ್, ನಿಕ್ ಮ್ಯಾಥ್ಯೂಸನ್ ಸೇರಿಕೊಂಡು ಬೆಳೆಸಿದ ಈ ಕೆಲಸವನ್ನು 2006ರಿಂದ ಟಾರ್ ಪ್ರಾಜೆಕ್ಟ್ ಎಂಬ ಲಾಭರಹಿತ ಸಂಸ್ಥೆ ನಡೆಸುತ್ತಿದೆ.

ಟಾರ್ ನಿಮ್ಮ ಸಂಪರ್ಕವನ್ನು ಮೂರು ಕಂಪ್ಯೂಟರುಗಳ ಮೂಲಕ ಸುತ್ತಿಸಿ ಕಳಿಸುತ್ತದೆ. ಮೊದಲನೆಯದಕ್ಕೆ ನೀವು ಯಾರು ಎಂದು ಗೊತ್ತು, ಎಲ್ಲಿಗೆ ಹೊರಟಿರಿ ಎಂದು ಗೊತ್ತಿಲ್ಲ. ಕೊನೆಯದಕ್ಕೆ ಎಲ್ಲಿಗೆ ಎಂದು ಗೊತ್ತು, ಯಾರು ಎಂದು ಗೊತ್ತಿಲ್ಲ. ನಡುವಿನದಕ್ಕೆ ಎರಡೂ ಗೊತ್ತಿಲ್ಲ. ವಿಪಿಎನ್‌ಗಿಂತ ಇದು ಮೇಲು ಎನ್ನುವುದು ಈ ಕಾರಣಕ್ಕೆ. ಒಬ್ಬರನ್ನೇ ಪೂರ್ತಿ ನಂಬಬೇಕಾಗಿಲ್ಲ. ಟಾರ್ ಬ್ರೌಸರು ಫಾಂಟಿನ ಬೆರಳಚ್ಚನ್ನೂ ನೋಡಿಕೊಳ್ಳುತ್ತದೆ. ಗಡಿಯಾರದ ವಲಯ ಎಲ್ಲರಿಗೂ ಒಂದೇ, ಕಿಟಕಿಯ ಅಳತೆಯೂ ಕೆಲವು ಗೊತ್ತಾದ ಅಳತೆಗಳಲ್ಲೇ ಕಾಣುತ್ತದೆ. ಅದನ್ನು ಬಳಸುವವರೆಲ್ಲ ಆದಷ್ಟು ಒಂದೇ ಥರ ಕಾಣಲಿ ಎಂಬುದೇ ಉದ್ದೇಶ. ಅದಕ್ಕೇ ಅದರೊಳಗೆ ಎಕ್ಸ್‌ಟೆನ್ಶನ್ (ಬ್ರೌಸರಿಗೆ ಸೇರಿಸುವ ಸಣ್ಣ ತಂತ್ರಾಂಶ) ಹಾಕಿ ಚೆಂದ ಮಾಡಲು ಹೋಗಬೇಡಿ. ಪುಟಗಳನ್ನು ಇಂಗ್ಲಿಷಿನಲ್ಲಿ ಕೇಳಲೇ ಎಂದು ಅದು ಕೇಳಿದರೆ ಹೂಂ ಅನ್ನಿ.

ಸಾಮಾನ್ಯ ಬ್ರೌಸರಿಗಿಂತ ಇದು ನಿಧಾನ. ಕೆಲವು ಸೈಟುಗಳು ಒಳಗೇ ಬಿಡುವುದಿಲ್ಲ. ಇದರ ಮಿತಿಯನ್ನು ತೋರಿಸಿದ ಎರಡು ಘಟನೆಗಳಿವೆ. 2007ರಲ್ಲಿ ಸ್ವೀಡನ್ನಿನ ಡ್ಯಾನ್ ಎಗರ್‌ಸ್ಟಾಡ್ ಕೊನೆಯ ಕಂಪ್ಯೂಟರಾಗಿ ಕೆಲಸ ಮಾಡುವ ಕೆಲವು ಯಂತ್ರಗಳನ್ನು ತಾನೇ ಇಟ್ಟು ಸುಮ್ಮನೆ ಕಾದ. ಹಲವು ದೇಶಗಳ ರಾಯಭಾರ ಕಚೇರಿಗಳ ಇಮೇಲ್ ಪಾಸ್‌ವರ್ಡು ಅವನಿಗೆ ಸಿಕ್ಕವು, ಭಾರತದವೂ ಇದ್ದವು. ಆ ಇಮೇಲುಗಳಿಗೆ ಬೀಗದ ಸಂಪರ್ಕವೇ ಇರಲಿಲ್ಲ. ಈಗ ಹೆಚ್ಚಿನ ಸೈಟುಗಳಿಗೆ ಬೀಗ ಇರುವುದರಿಂದ ಆ ಅಪಾಯ ಬಹಳ ಕಡಿಮೆಯಾಗಿದೆ.

ಇನ್ನೊಂದು 2013ರ ಡಿಸೆಂಬರಿನದು. ಹಾರ್ವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬ ಪರೀಕ್ಷೆ ತಪ್ಪಿಸಿಕೊಳ್ಳಲು ಟಾರ್ ಮೂಲಕ ಬಾಂಬ್ ಬೆದರಿಕೆಯ ಇಮೇಲ್ ಕಳಿಸಿದ. ಕೂತಿದ್ದದ್ದು ವಿಶ್ವವಿದ್ಯಾಲಯದ ವೈಫೈಯಲ್ಲೇ. ಆ ಹೊತ್ತಿನಲ್ಲಿ ಅಲ್ಲಿ ಟಾರ್ ಬಳಸಿದವರು ಯಾರು ಎಂದು ಹುಡುಕಿಕೊಂಡು ಅಧಿಕಾರಿಗಳು ಅವನ ಬಳಿ ಬಂದರು, ಅವನು ಒಪ್ಪಿಕೊಂಡ. ಟಾರ್‌ನ ಬೀಗ ಮುರಿಯಬೇಕಾಗಲಿಲ್ಲ. ಆ ಆವರಣದಲ್ಲಿ ಅವನ ಸುತ್ತ ಗುಂಪು ಇರಲಿಲ್ಲ, ಅಷ್ಟೇ ಆದದ್ದು.

ಎಲ್ಲ ದಾರಿಯೂ ಮೊಬೈಲ್ ನಂಬರಿಗೆ

ನಮ್ಮ ದೇಶದ ನಿಜವಾದ ತೊಡಕು ಬ್ರೌಸರಿನ ಒಳಗಿಲ್ಲ. ರೈಲ್ವೆ ಸ್ಟೇಷನ್ನಿನ ವೈಫೈ ಬೇಕಾದರೂ ಮೊಬೈಲ್ ನಂಬರು ಕೊಟ್ಟು ಓಟಿಪಿ ಹಾಕಬೇಕು. ಆ ನಂಬರಿನ ಹಿಂದೆ ಗುರುತಿನ ಚೀಟಿ, ಮುಖದ ಫೋಟೊ ಇರುತ್ತವೆ. ಸೈಬರ್ ಕೆಫೆಗೆ ಹೋದರೂ ಅಷ್ಟೆ. 2011ರ ಕೇಂದ್ರ ನಿಯಮದ ಪ್ರಕಾರ ಕೆಫೆಯವರು ಗುರುತಿನ ಚೀಟಿ ನೋಡಬೇಕು, ಯಾರು ಯಾವಾಗ ಕೂತರು ಎಂದು ಒಂದು ವರ್ಷ ಬರೆದಿಡಬೇಕು, ಮರೆಗೋಡೆಗಳು ನಾಲ್ಕೂವರೆ ಅಡಿ ಮೀರಬಾರದು. 2025ರ ನವೆಂಬರಿನಲ್ಲಿ ಟೆಲಿಕಾಂ ಇಲಾಖೆ ಇನ್ನೂ ಮುಂದೆ ಹೋಗಿ, ವಾಟ್ಸ್ಆ್ಯಪ್, ಟೆಲಿಗ್ರಾಂ, ಸಿಗ್ನಲ್‌ನಂಥ ಆ್ಯಪುಗಳು ಫೋನಿನಲ್ಲಿ ಅದೇ ಸಿಮ್ ಇದ್ದಾಗ ಮಾತ್ರ ನಡೆಯಬೇಕು ಎಂದು ಸೂಚಿಸಿತು. ಟಾರ್ ಮೂಲಕವೇ ಹೋಗಿ ನಿಮ್ಮ ನಂಬರಿನಿಂದ ಲಾಗಿನ್ ಆದರೆ ಅಷ್ಟು ಹೊತ್ತಿನ ಎಚ್ಚರವೆಲ್ಲ ನೀರಿನಲ್ಲಿ ಹೋಮ.

ಮೋಸ ತಡೆಯಲು ಇದು ಬೇಕು ಎನ್ನುವುದು ಸರ್ಕಾರದ ವಾದ. ಅದನ್ನು ತಳ್ಳಿಹಾಕುವಂತಿಲ್ಲ. 'ಡಿಜಿಟಲ್ ಅರೆಸ್ಟ್' ಎಂದು ಹೆದರಿಸಿ ನಿವೃತ್ತರ ಜೀವಮಾನದ ಉಳಿತಾಯ ದೋಚಿದ ಪ್ರಕರಣಗಳು ಬೆಂಗಳೂರಿನಲ್ಲೇ ಎಷ್ಟೋ ಆಗಿವೆ. ಆದರೆ ಆ ಕಳ್ಳರು ಬಳಸುವುದು ಬೇರೆಯವರ ಹೆಸರಿನ ಸಿಮ್, ಬೇರೆಯವರ ಹೆಸರಿನ ಬ್ಯಾಂಕ್ ಖಾತೆ. ನಿಯಮ ಪಾಲಿಸಿ ತನ್ನದೇ ಹೆಸರು ಕೊಡುವವರು ಸಾಮಾನ್ಯ ಜನ. ಹಾಗಾಗಿ ಇಷ್ಟೂ ದಾಖಲೆಯಲ್ಲಿ ಪೂರ್ತಿ ಕಾಣುವವರು ಅವರೇ.

ಹಾಗಾದರೆ ದಿನನಿತ್ಯಕ್ಕೆ ಏನು ಮಾಡಬಹುದು? ನಾನು ಹೇಳುವುದು ಇಷ್ಟು. ಎರಡು ಬ್ರೌಸರ್ ಇಟ್ಟುಕೊಳ್ಳಿ. ಬ್ಯಾಂಕು, ಇಮೇಲ್, ಖರೀದಿಯಂಥ ಲಾಗಿನ್ ಬೇಕಾದವಕ್ಕೆ ಒಂದು. ಓದಲು, ಹುಡುಕಲು ಇನ್ನೊಂದು, ಅದರಲ್ಲಿ ಯಾವ ಖಾತೆಗೂ ಲಾಗಿನ್ ಆಗಬೇಡಿ. ಈ ಎರಡನೆಯದು ಫೈರ್‌ಫಾಕ್ಸ್ ಆಗಿದ್ದು ಅದಕ್ಕೆ ಜಾಹೀರಾತು ತಡೆಯುವ ಯುಬ್ಲಾಕ್ ಆರಿಜಿನ್ ಎಂಬ ಎಕ್ಸ್‌ಟೆನ್ಶನ್ ಒಂದನ್ನು ಹಾಕಿದರೆ ಜಾಹೀರಾತಿನವರ ಕಾಟ ಬಹುಪಾಲು ಇಳಿಯುತ್ತದೆ. ಆ್ಯಂಡ್ರಾಯ್ಡ್ ಫೋನಿನಲ್ಲೂ ಇದು ಆಗುತ್ತದೆ. ಆ್ಯಂಡ್ರಾಯ್ಡ್ ಸೆಟ್ಟಿಂಗ್ಸಿನಲ್ಲಿ ಗೂಗಲ್, ಅದರೊಳಗೆ ಆ್ಯಡ್ಸ್ ಎಂದು ಹೋದರೆ ನಿಮ್ಮ ಜಾಹೀರಾತು ಐಡಿಯನ್ನು ಅಳಿಸುವ ಆಯ್ಕೆ ಇದೆ, ಅಳಿಸಿಬಿಡಿ. ಸೈಟಿನ ಹೆಸರಿನಿಂದ ಅದರ ವಿಳಾಸ ಹುಡುಕುವುದನ್ನು ಮರೆಮಾಡುವ ಪ್ರೈವೇಟ್ ಡಿಎನ್ಎಸ್ ಎಂಬುದರಲ್ಲೂ ಮೊಬೈಲ್ ಕಂಪನಿಯದಲ್ಲದ ಸೇವೆಯೊಂದರ ಹೆಸರು ಹಾಕಿ. ಮೊಬೈಲ್ ಕಂಪನಿಗೆ ಸೈಟಿನ ಹೆಸರು ಕಾಣುವ ಒಂದು ದಾರಿಯಾದರೂ ಮುಚ್ಚುತ್ತದೆ. ಕಾಯಿಲೆ, ಕಾನೂನು ತಕರಾರು, ಮೇಲಧಿಕಾರಿಯ ಮೇಲಿನ ದೂರು, ಇಂಥ ವಿಷಯ ಓದುವಾಗ ಟಾರ್ ಬ್ರೌಸರ್ ತೆರೆಯಿರಿ. ಕಚೇರಿಯ ಲ್ಯಾಪ್‌ಟಾಪಿನಲ್ಲಂತೂ ಬೇಡವೇ ಬೇಡ. ಅಲ್ಲಿ ಯಂತ್ರವೇ ಅವರದು.

ಇಷ್ಟು ಮಾಡಿದರೂ ಸರ್ಕಾರದ ಆಜ್ಞೆಯಿಂದ ಸಂಗ್ರಹವಾಗುವ ದಾಖಲೆಗೆ ಏನೂ ಆಗುವುದಿಲ್ಲ. ಅದಕ್ಕೆ ಉತ್ತರ ಕಾನೂನಿನಲ್ಲೇ ಬರಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು ಆ ಪ್ರಕರಣದಲ್ಲೇ. 2023ರಲ್ಲಿ ಡೇಟಾ ರಕ್ಷಣೆಯ ಕಾಯ್ದೆ ಬಂತು, 2025ರ ನವೆಂಬರಿನಲ್ಲಿ ನಿಯಮಗಳು ಬಂದವು. ಕಂಪನಿಗಳ ಮೇಲಿನ ಮುಖ್ಯ ಹೊಣೆಗಳಿಗೆ ಅಲ್ಲಿಂದ ಹದಿನೆಂಟು ತಿಂಗಳ ಗಡುವು ಕೊಟ್ಟರು. ಆದರೆ ಅದೇ ಕಾಯ್ದೆಯ 17ನೇ ಸೆಕ್ಷನ್, ದೇಶದ ಭದ್ರತೆಯಂಥ ಕಾರಣ ಕೊಟ್ಟು ತನ್ನ ಯಾವುದೇ ಸಂಸ್ಥೆಯನ್ನು ಕಾಯ್ದೆಯ ಹೊರಗಿಡಲು ಕೇಂದ್ರಕ್ಕೆ ಅವಕಾಶ ಕೊಟ್ಟಿದೆ. ಫೋನ್ ಕದ್ದಾಲಿಕೆಗೂ ನಮ್ಮಲ್ಲಿ ಒಪ್ಪಿಗೆ ಕೊಡುವವರು ಗೃಹ ಕಾರ್ಯದರ್ಶಿ. ಆ ಆದೇಶವನ್ನು ಆಮೇಲೆ ಪರಿಶೀಲಿಸುವ ಸಮಿತಿಯಲ್ಲಿ ಇರುವವರೂ ಅಧಿಕಾರಿಗಳೇ, ನ್ಯಾಯಾಧೀಶರಿಲ್ಲ. ಎರಡು ವರ್ಷದ ಸಂಪರ್ಕ ದಾಖಲೆ, ಐದು ವರ್ಷದ ವಿಪಿಎನ್ ದಾಖಲೆ ಇಡಲೇಬೇಕು ಎನ್ನುವುದಾದರೆ, ಅದನ್ನು ತೆರೆಯುವ ಮುನ್ನ ನ್ಯಾಯಾಧೀಶರೊಬ್ಬರ ಸಹಿ ಬೇಕು, ತೆರೆದ ಮೇಲೆ ಆ ವ್ಯಕ್ತಿಗೆ ಎಂದಾದರೂ ತಿಳಿಸಬೇಕು. ಈ ಎರಡು ಮಾತನ್ನು ನಮ್ಮ ಸಂಸದರ ಬಾಯಲ್ಲಿ ಹೇಳಿಸುವ ಕೆಲಸ ಬಾಕಿ ಇದೆ.